ಟವೆಲ್ ನೀರು ಹೀರದಿದ್ದರೆ ಸೋಪು ಹೆಚ್ಚಿಸಬೇಡಿ, ಕಡಿಮೆ ಮಾಡಿ

ಒಗೆದ ಟವೆಲ್ ಮೈಮೇಲಿನ ನೀರನ್ನು ಹೀರದೆ ಬರಿದೇ ಸವರಿಕೊಂಡು ಹೋಗುತ್ತಿದ್ದರೆ, ಒದ್ದೆಯಾದೊಡನೆ ಮುಗ್ಗಲು ವಾಸನೆ ಬರುತ್ತಿದ್ದರೆ, ಎಸೆಯುವ ಮೊದಲು ಹೀಗೆ ಮಾಡಿ: ಅರ್ಧ ಬಕೆಟ್ ಬಿಸಿನೀರಿಗೆ ಒಂದು ಲೋಟ ಬಿಳಿ ವಿನೆಗರ್ ಬೆರೆಸಿ, ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ, ಬಳಿಕ ಎಂದಿನ ಅರ್ಧದಷ್ಟೇ ಸೋಪಿನ ಪುಡಿ ಹಾಕಿ ಒಗೆಯಿರಿ. ಫ್ಯಾಬ್ರಿಕ್ ಕಂಡಿಷನರ್ ಮಾತ್ರ ಬೇಡವೇ ಬೇಡ. ಅದು ಬಟ್ಟೆಯನ್ನು ಮೆತ್ತಗಾಗಿಸುವುದೇ ಎಳೆಗಳ ಮೇಲೆ ಜಿಡ್ಡಿನಂಥ ತೆಳು ಪದರ ಕೂರಿಸಿ. ಆ ಪದರ ನೀರನ್ನು ಸಲೀಸಾಗಿ ಒಳಗೆ ಬಿಡುವುದಿಲ್ಲ. ಗಡಸು ನೀರಿನಲ್ಲಿ ಒಗೆದಾಗ ಎಳೆಗಳಲ್ಲಿ ಉಳಿಯುವ ಸುಣ್ಣದ ಅಂಶವನ್ನೂ ವಿನೆಗರ್‌ನ ಆಮ್ಲ ಕರಗಿಸುತ್ತದೆ. (ನೊರೆ ಹೆಚ್ಚಿದಷ್ಟೂ ಬಟ್ಟೆ ಶುಭ್ರ ಎನ್ನುವುದು ಜಾಹೀರಾತುಗಳು ನಮಗೆ ಕಲಿಸಿದ ಪಾಠ; ಕೊಳೆ ತೆಗೆಯುವುದು ನೊರೆಯಲ್ಲ. ಹೆಚ್ಚಾದ ಸೋಪು ಪೂರ್ತಿ ಜಾಲಿಸಿ ಹೋಗದೆ ಎಳೆಗಳಲ್ಲೇ ಉಳಿದು ಟವೆಲ್ ನೀರು ಹೀರದಂತೆ ಮಾಡುತ್ತದೆ.) ವಿನೆಗರ್ ಜೊತೆ ಬ್ಲೀಚ್ ಎಂದಿಗೂ ಸೇರಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ನೆನೆಸುವುದು ಬಕೆಟ್‌ನಲ್ಲೇ ಇರಲಿ. ವಿನೆಗರನ್ನು ಪದೇ ಪದೇ ಒಗೆಯುವ ಯಂತ್ರಕ್ಕೆ ಸುರಿದರೆ ಅದರ ರಬ್ಬರ್ ಭಾಗಗಳು ಹಾಳಾಗಬಹುದು. ಎಳೆಗಳೆಲ್ಲ ಸವೆದು ಬೋಳಾದ ಟವೆಲ್‌ಗೆ ಇದರಿಂದ ಪ್ರಯೋಜನವಿಲ್ಲ, ಪಾಲಿಯೆಸ್ಟರ್ ಹೆಚ್ಚಿರುವುದಕ್ಕೂ ಅಷ್ಟಕ್ಕಷ್ಟೆ. ಇನ್ನೊಂದು ಮಾತು: ಒಗೆಯುವ ಕೆಲಸವನ್ನು ಮನೆಯ ಒಬ್ಬರ ತಲೆಗೇ ಕಟ್ಟಿದ್ದರೆ, ಬಳಸಿದ ಟವೆಲನ್ನು ಮುದ್ದೆ ಮಾಡಿ ಮೂಲೆಗೆಸೆಯದೆ ಗಾಳಿಗೆ ಹರಡುವುದನ್ನಾದರೂ ಉಳಿದವರು ಮಾಡಬೇಕು. ಅಷ್ಟೂ ಆಗದ ಮನೆಯಲ್ಲಿ ಎಷ್ಟು ವಿನೆಗರ್ ಸುರಿದರೂ ಕೆಲವೇ ದಿನಗಳಲ್ಲಿ ವಾಸನೆ ಮರಳಿ ಬರುತ್ತದೆ.