ಸ್ಕಾರ್ಪಿಯೊ ಎನ್ ಅಥವಾ ಎಕ್ಸ್‌ಯುವಿ 700: ಮಾಲೀಕರ ಅನುಭವ ಕೇಳಿ ಆರಿಸುವುದು ಹೇಗೆ?

ಮಹೀಂದ್ರಾ ಕಂಪನಿಯ ಎಕ್ಸ್‌ಯುವಿ 700 ಮಾರುಕಟ್ಟೆಗೆ ಬಂದದ್ದು 2021ರಲ್ಲಿ, ಸ್ಕಾರ್ಪಿಯೊ ಎನ್ ಬಂದದ್ದು 2022ರಲ್ಲಿ. ಎರಡರಲ್ಲೂ 2.2 ಲೀಟರ್ ಡೀಸೆಲ್ ಎಂಜಿನ್ ಸಿಗುತ್ತದೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ವಯಸ್ಕರ ಸುರಕ್ಷತೆಗೆ ಎರಡೂ 5 ತಾರೆ ಗಳಿಸಿವೆ. ಆದ್ದರಿಂದ ಕೊಳ್ಳುವಾಗ ಕಂಪನಿಯ ಮಾಹಿತಿಪತ್ರಕ್ಕಿಂತ ಮಾಲೀಕರ ಮಾತೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದರೆ ಆ ಮಾಲೀಕರು ನಿಮ್ಮಂತೆಯೇ ಗಾಡಿ ಓಡಿಸುವವರಾಗಿರಬೇಕು.

ಹಾಗಾಗಿ ನಿಮ್ಮ ಓಡಾಟ ಎಲ್ಲೆಲ್ಲಿ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಸ್ಕಾರ್ಪಿಯೊ ಎನ್ ಲ್ಯಾಡರ್ ಫ್ರೇಮ್, ಅಂದರೆ ಏಣಿಯಂಥ ಗಟ್ಟಿ ಚೌಕಟ್ಟಿನ ಮೇಲೆ ಕೂತ ಗಾಡಿ, ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಎಕ್ಸ್‌ಯುವಿ 700ರದ್ದು ಮೊನೊಕಾಕ್ ರಚನೆ, ಅಂದರೆ ಚೌಕಟ್ಟು, ಬಾಡಿ ಎರಡೂ ಒಂದೇ, ಬಲ ಮುಂದಿನ ಚಕ್ರಗಳಿಗೆ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಮಾದರಿಗಳು ಎರಡರಲ್ಲೂ ಇದ್ದರೂ ಅವುಗಳ ಬೆಲೆ ಹೆಚ್ಚು. ಮಳೆ ಬಿದ್ದ ಮೇಲೆ ಎರೆ ಮಣ್ಣು ಟೈರಿಗೆ ಮೆತ್ತಿಕೊಳ್ಳುವ ದಾರಿಯಲ್ಲಿ ನಮ್ಮ ವಿಜಯಪುರದಿಂದ ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ದಿನವೂ ಹೋಗುವವರ ಅನುಭವ ಬೇರೆ, ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಸೊಲ್ಲಾಪುರ, ಹುಬ್ಬಳ್ಳಿ ಎಂದು ಓಡಾಡುವ ವ್ಯಾಪಾರಸ್ಥರ ಅನುಭವ ಬೇರೆ.

ನಿಮ್ಮ ಓಡಾಟಕ್ಕೆ ಹೊಂದುವ, ಕನಿಷ್ಠ ಎರಡು ಮಳೆಗಾಲ ಕಂಡ ಗಾಡಿಗಳ ಮಾಲೀಕರನ್ನು ಹುಡುಕಿ. ಹೊಸ ಗಾಡಿಯ ಮಾಲೀಕರು ಹೊಗಳುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಭೇಟಿಯಾದಾಗ ‘ಗಾಡಿ ಹ್ಯಾಂಗದ?’ ಎಂದು ಕೇಳಿದರೆ ‘ಭಾರಿ ಅದ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು ಸರ್ವಿಸ್ ಬಿಲ್ಲುಗಳನ್ನು ತೋರಿಸಲು ವಿನಂತಿಸಿ, ಒಂದೊಂದಾಗಿ ನೋಡಿ. ಟೈರು, ಬ್ರೇಕ್ ಪ್ಯಾಡ್, ಕ್ಲಚ್, ಸಸ್ಪೆನ್ಶನ್ ಬುಶ್‌ಗಳನ್ನು ಎಷ್ಟು ಕಿಲೊಮೀಟರಿಗೆ ಬದಲಿಸಿದರು, ಬಿಡಿಭಾಗಕ್ಕೆ ಎಷ್ಟು ದಿನ ಕಾದರು, ವಾರಂಟಿಯಲ್ಲಿ ಯಾವುದು ಸಿಕ್ಕಿತು, ಯಾವುದಕ್ಕೆ ಕೈಯಿಂದ ಹಣ ಕಟ್ಟಿದರು ಎಂಬುದೆಲ್ಲ ಅಲ್ಲಿರುತ್ತದೆ. ಡೀಸೆಲ್ ಗಾಡಿಯಾದರೆ ಡಿಪಿಎಫ್ (ಡೀಸೆಲ್ ಹೊಗೆ ಸೋಸುವ ಫಿಲ್ಟರ್) ಎಚ್ಚರಿಕೆ ದೀಪ ಎಷ್ಟು ಸಲ ಹತ್ತಿತೆಂದು ಕೇಳಲೇಬೇಕು. ಹೊಗೆಯ ಮಸಿ ಹಿಡಿದಿಡುವ ಈ ಫಿಲ್ಟರ್ ಸ್ವಚ್ಛವಾಗಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಊರೊಳಗೆ ಗಾಂಧಿ ಚೌಕಕ್ಕೆ ಹೋಗಿ ಬರುವಷ್ಟೇ ನಿಮ್ಮ ಓಡಾಟವಾದರೆ ಎರಡರಲ್ಲೂ ಪೆಟ್ರೋಲ್ ಮಾದರಿಯನ್ನೇ ನೋಡುವುದು ಒಳ್ಳೆಯದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮೈಲೇಜಿನ ವಿಷಯದಲ್ಲಿ ಪರದೆಯ ಮೇಲಿನ ಅಂಕಿ ಬೇಡ. ಟ್ಯಾಂಕ್ ತುಂಬಿಸಿ, ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ ಲೆಕ್ಕ ಹಾಕಿದವರ ಮಾತನ್ನು ಮಾತ್ರ ನಂಬಿ.

ಹಿಂದಿನ ಸೀಟಿನಲ್ಲಿ ಕೂರುವವರನ್ನು ಕೇಳುವುದನ್ನು ಬಹಳ ಜನ ಮರೆಯುತ್ತಾರೆ. ಸ್ಕಾರ್ಪಿಯೊ ಎನ್ ಹತ್ತಲು ಮಂಡಿನೋವಿರುವ ಹಿರಿಯರಿಗೆ ಎಷ್ಟು ಕಷ್ಟವಾಗುತ್ತದೆ, ಮೂರನೇ ಸಾಲಿನ ಮಕ್ಕಳಿಗೆ ವಾಂತಿ ಬರುತ್ತದೆಯೇ, ಆ ಸಾಲಿನ ಸೀಟು ಎತ್ತಿ ನಿಲ್ಲಿಸಿದ ಮೇಲೆ ಜಾತ್ರೆಗೆ ಒಯ್ಯುವ ಬುತ್ತಿಗಂಟಿಗೆ ಜಾಗ ಉಳಿಯುತ್ತದೆಯೇ ಎಂಬುದನ್ನು ಮನೆಯ ಹೆಂಗಸರು ಓಡಿಸುವವರಿಗಿಂತ ನಿಖರವಾಗಿ ಹೇಳುತ್ತಾರೆ.

ದೂರುಗಳನ್ನು ತೂಗುವಾಗ ಗಾಡಿ ತಯಾರಾದ ವರ್ಷವನ್ನೂ ಬರೆದುಕೊಳ್ಳಿ. ಪರದೆಯ, ಸೆನ್ಸರಿನ ತೊಂದರೆ ಸಾಫ್ಟ್‌ವೇರ್ ಬದಲಾವಣೆಯಿಂದ ಸರಿಹೋಗಬಹುದು. ಗಾಡಿಯ ಓಲಾಟ, ಎತ್ತರ, ಸೀಟಿನ ಇಕ್ಕಟ್ಟು ಕೊನೆಯವರೆಗೂ ಹಾಗೆಯೇ ಇರುತ್ತವೆ. ಹೊಲದ ದಾರಿಯೇ ಹೆಚ್ಚಾದರೆ ನಾನು ಸ್ಕಾರ್ಪಿಯೊ ಎನ್ ಕಡೆಗೆ, ಹೆದ್ದಾರಿಯ ಕುಟುಂಬ ಪ್ರಯಾಣವೇ ಹೆಚ್ಚಾದರೆ ಎಕ್ಸ್‌ಯುವಿ 700ರ ಕಡೆಗೆ ವಾಲುತ್ತೇನೆ. ಆದರೂ ಮುಂಗಡ ಕೊಡುವ ಮೊದಲು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಷೋರೂಮಿನವರು ತೋರಿಸಿದ ರಸ್ತೆಯಲ್ಲಲ್ಲ, ನಿಮ್ಮ ಊರಿನ ರಸ್ತೆಯಲ್ಲೇ ಎರಡನ್ನೂ ಓಡಿಸಿ ನೋಡಿ.