ವಿಂಡೋಸ್ 10ಕ್ಕ ಮ್ಯಾಕ್ ಲುಕ್: ಸ್ಕಿನ್ ಪ್ಯಾಕ್ ಬ್ಯಾಡ್ರಿ, ಒಂದೊಂದ ಹಾಕ್ಕೋತ ಹೋಗ್ರಿ

ನಮ್ ಕಲಬುರಗಿ ಕಡಿ ಹುಡುಗ್ರು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡ್ ಕೂಡ್ಲೆ ಕೇಳೋದು ಇದ, ಇದು ಮ್ಯಾಕ್ ಹಂಗ ಕಾಣ್ಬೇಕಂದ್ರ ಏನ್ ಮಾಡ್ಬೇಕು ಅಂತ. ಆಗ್ತದ್ರಿ, ರೊಕ್ಕಾನೂ ಬೇಕಾಗಿಲ್ಲ. ಆದ್ರ ಒಂದ ಕ್ಲಿಕ್‌ನ್ಯಾಗ ಎಲ್ಲಾ ಬದಲಾಗ್ತದ ಅನ್ನೋ ಸ್ಕಿನ್ ಪ್ಯಾಕ್ ತಂಟಿಗಿ ಹೋಗ್ಬ್ಯಾಡ್ರಿ. ಬಟನ್, ಬಾರ್ ರೂಪಾನೇ ಬದಲಿಸೋ ಥೀಮ್‌ಗಿ ಮೈಕ್ರೋಸಾಫ್ಟ್ ಸಹಿ ಇಲ್ದಿದ್ರ ವಿಂಡೋಸ್ ಒಪ್ಪಂಗಿಲ್ಲ, ಅದಕ್ಕ ಆ ಪ್ಯಾಕ್‌ಗಳು ಯುಎಕ್ಸ್‌ಥೀಮ್‌ದಂಥ ಸಿಸ್ಟಮ್ ಫೈಲೇ ಪ್ಯಾಚ್ ಮಾಡ್ತಾವ, ಅಂದ್ರ ತಿದ್ದಿ ಬದಲಿಸ್ತಾವ, ದೊಡ್ಡ ಅಪ್‌ಡೇಟ್ ಬಂದ್ರ ಆ ಪ್ಯಾಚ್ ಹೋಗಿ ಲಾಗಿನ್ ಆದ್ಮ್ಯಾಲ ಬರೇ ಕರಿ ಸ್ಕ್ರೀನ್ ಬಂದ್ರೂ ಬರಬೋದು, ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ನ್ಯಾಗ ಪ್ಯಾಚ್ ನಡದಾಗ ಕರೆಂಟ್ ಹೋದ್ರಂತೂ ಮುಗೀತು. ಮ್ಯಾಲ 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಬ್ಯಾರೆ ಮುಗದದ, ಗುರ್ತಿಲ್ಲದ ಕಡಿಂದ ಇಎಕ್ಸ್‌ಇ ಫೈಲ್ ತಂದು ಹಾಕೋದು ಈಗ ಇನ್ನೂ ಅಪಾಯ.

ಮೊದ್ಲ ರಿಸ್ಟೋರ್ ಪಾಯಿಂಟ್ ಮಾಡ್ಕೋರಿ, ಏನರ ಕೆಟ್ರ ಸಿಸ್ಟಮ್ ಹಿಂದಿನ ಸ್ಥಿತಿಗಿ ತರಾಕ ಇದು ಬೇಕು. ಸ್ಟಾರ್ಟ್‌ನ್ಯಾಗ ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್ ಅಂತ ಹುಡುಕ್ರಿ, ಸಿ ಡ್ರೈವ್‌ಗಿ ಪ್ರೊಟೆಕ್ಷನ್ ಆಫ್ ಇದ್ರ ಕಾನ್ಫಿಗರ್‌ಗಿ ಹೋಗಿ ಆನ್ ಮಾಡಿ, ಆಮ್ಯಾಗ ಕ್ರಿಯೇಟ್ ಒತ್ರಿ.

ಟಾಸ್ಕ್‌ಬಾರ್ ಮ್ಯಾಲ ರೈಟ್ ಕ್ಲಿಕ್ ಮಾಡಿ ಸೆಟ್ಟಿಂಗ್ಸ್‌ನ್ಯಾಗ ಅದರ ಜಾಗಾ ಟಾಪ್ ಅಂತ ಇಡ್ರಿ, ಪಿನ್ ಮಾಡಿದ್ದೆಲ್ಲಾ ತಗೀರಿ. ಸ್ಟೋರ್‌ನ್ಯಾಗ ಟ್ರಾನ್ಸ್‌ಲೂಸೆಂಟ್‌ಟಿಬಿ ಫ್ರೀ ಸಿಗ್ತದ, ಬಾರ್ ಪಾರದರ್ಶಕ ಆಗ್ತದ. ಮ್ಯಾಕ್‌ನ್ಯಾಗ ತಳಗ ಇರೋ ಆ್ಯಪ್ ಐಕಾನ್ ಸಾಲಿಗಿ, ಅಂದ್ರ ಡಾಕ್‌ಗಿ, ವಿನ್‌ಸ್ಟೆಪ್‌ನವರ ನೆಕ್ಸಸ್ ಹಾಕ್ರಿ, ಫ್ರೀ ಆವೃತ್ತಿನೇ ಸಾಕು. ಡೆಸ್ಕ್‌ಟಾಪ್ ಮ್ಯಾಲ ರೈಟ್ ಕ್ಲಿಕ್ ಮಾಡಿ ವ್ಯೂ ಮೆನುನ್ಯಾಗ ಐಕಾನ್ ಬಚ್ಚಿಡ್ರಿ. ಇಷ್ಟಕ್ಕ ಮುಕ್ಕಾಲ್ ಲುಕ್ ಬಂದ್ಬಿಡ್ತದ.

ವಾಲ್‌ಪೇಪರ್ ಮಾತ್ರ ಆಪಲ್‌ದ್ದೇ ಹಾಕ್ಬೇಕು ಅಂತೇನಿಲ್ರಿ. ಬೀದರ್‌ನ ಬಿದರಿ ಕೆಲಸದ ಹೂಜಿ ಇಲ್ಲಾ ತಟ್ಟಿ ಫೋಟೋ ಹತ್ರದಿಂದ ತಗೀರಿ, ಆ ಅಚ್ಚ ಕರಿ ಮ್ಯಾಲಿನ ಬೆಳ್ಳಿ ಗೆರಿ ಡಾರ್ಕ್ ಮೋಡ್‌ಗಿ ಎಷ್ಟ್ ಛಂದ ಕೂಡ್ತದಂದ್ರ ನನಗಂತೂ ಅದರ ಮುಂದ ಕಂಪನಿ ವಾಲ್‌ಪೇಪರ್ ಯಾವ್ದೂ ಸೇರಂಗಿಲ್ಲ.

ಈಗ ರೇನ್‌ಮೀಟರ್, ಡೆಸ್ಕ್‌ಟಾಪ್ ಮ್ಯಾಲ ಗಡಿಯಾರದಂಥ ಸಣ್ಣ ಸಣ್ಣ ಸ್ಕಿನ್ ತೋರ್ಸೋ ಸಾಫ್ಟ್‌ವೇರ್, ಇದ್ರಾಗ ಖರೇ ಮಜಾ ಅದ. ಫ್ರೀ, ಓಪನ್ ಸೋರ್ಸ್, ಸಿಸ್ಟಮ್ ಫೈಲ್ ಮುಟ್ಟಂಗಿಲ್ಲ. ಡೌನ್‌ಲೋಡ್ ಮಾಡಿದ ಸ್ಕಿನ್‌ನ ಆರ್‌ಎಮ್‌ಸ್ಕಿನ್ ಫೈಲ್ ಡಬಲ್ ಕ್ಲಿಕ್ ಮಾಡಿದ್ರ ಸ್ಕಿನ್ ಕೂಡ್ತದ, ಡಾಕ್ಯುಮೆಂಟ್ಸ್ ಒಳಗಿನ ರೇನ್‌ಮೀಟರ್ ಫೋಲ್ಡರ್‌ನ್ಯಾಗ ಇರ್ತದ. ಗಡಿಯಾರದ ಸ್ಕಿನ್‌ನ್ಯಾಗ ಕನ್ನಡ ಬೇಕಂದ್ರ ರೈಟ್ ಕ್ಲಿಕ್ ಮಾಡಿ ಎಡಿಟ್ ಸ್ಕಿನ್ ಒತ್ರಿ, ಫಾಂಟ್‌ಫೇಸ್ ಸಾಲಿನ್ಯಾಗ ಕನ್ನಡ ಇರೋ ವಿಂಡೋಸ್ ಫಾಂಟ್ ನಿರ್ಮಲಾ ಯುಐ ಹೆಸರು ಬರೀರಿ, ಕನ್ನಡ ಅಕ್ಷರ ಟೈಪ್ ಮಾಡಿದ್ದ್ರ ಸೇವ್ ಆ್ಯಸ್ ಹೋಗಿ ಎನ್‌ಕೋಡಿಂಗ್ ಯುಟಿಎಫ್-16 ಎಲ್‌ಇ ಆರಿಸ್ರಿ, ಇದೊಂದು ಬಿಟ್ರ ಅಕ್ಷರ ಎಲ್ಲಾ ಕಲಸಿ ಬರ್ತಾವ, ಭಾಳ ಮಂದಿ ಇಲ್ಲೇ ಸಿಕ್ಕೊಂಡು ಕನ್ನಡ ಆಗಂಗಿಲ್ಲ ಅಂತ ಕೈಬಿಡ್ತಾರ. ಆಮ್ಯಾಗ ರಿಫ್ರೆಶ್ ಮಾಡ್ರಿ. 4 ಜಿಬಿ ರ‍್ಯಾಮ್ ಇದ್ರ ಎರಡ್ ಮೂರ್ ಸ್ಕಿನ್ ಸಾಕು.

ಆ್ಯಪ್ ವಿಂಡೋದ ಎಡಕ್ಕ ಮ್ಯಾಕ್‌ನ್ಯಾಗಿನ ಕೆಂಪು, ಹಳದಿ, ಹಸಿರು ಬಟನ್ ಮಾತ್ರ ಹಿಂಗ ಬರಂಗಿಲ್ಲ. ಅದೊಂದಕ್ಕಾಗಿ ಪ್ಯಾಚ್ ಹಾಕ್ಬ್ಯಾಡ್ರಿ. ಉಳದದ್ದು ಬ್ಯಾಸರ ಬಂದ್ರ ಸ್ಕಿನ್ ಅನ್‌ಲೋಡ್ ಮಾಡಿ, ಡಾಕ್ ಅನ್‌ಇನ್‌ಸ್ಟಾಲ್ ಮಾಡಿ, ಟಾಸ್ಕ್‌ಬಾರ್ ಮತ್ತ ತಳಗ ತರ್ರಿ.