ಗಲ್ಫ್‌ನಲ್ಲಿ ಹೋಟೆಲ್ ಕೆಲಸ: ಪೆಟ್ಟಿಗೆ ಕಟ್ಟುವ ಮೊದಲು ಕಾಗದ ಸರಿಮಾಡಿ

ಕಾಸರಗೋಡಿನಲ್ಲಿ ಗಲ್ಫ್‌ಗೆ ಹೋದವರಿಲ್ಲದ ಊರು ಸಿಗುವುದು ಕಷ್ಟ. ಹಾಗಾಗಿ ಸಲಹೆಗೆ ಬರ ಇಲ್ಲ. "ವೀಸಾ ಒಂದು ಸಿಗಲಿ, ಉಳಿದದ್ದು ಅಲ್ಲಿ ನೋಡಿಕೊಂಡರಾಯಿತು" ಎನ್ನುವವರೇ ಜಾಸ್ತಿ. ಹೋಟೆಲ್ ಕೆಲಸಕ್ಕೆ ಹೊರಟವರಿಗೆ ನನ್ನ ಮಾತು ಇದಕ್ಕೆ ಉಲ್ಟಾ. ವೀಸಾ ಕೊನೆಗೆ ಬರಲಿ, ಮೊದಲು ಕಾಗದಪತ್ರ. ಗಡಿಯಲ್ಲಿರುವ ನಮಗೆ ಈ ತಾಪತ್ರಯ ಒಂದು ಕೈ ಹೆಚ್ಚೇ. ಮನೆ ಕೇರಳದಲ್ಲಿ, ಶಾಲೆ ಕನ್ನಡದ್ದು, ಕಾಲೇಜು ಮಂಗಳೂರಿನಲ್ಲಿ.

ಹೆಸರಿನಿಂದ ಶುರು ಮಾಡಿ

ಎಸೆಸೆಲ್ಸಿ ಸರ್ಟಿಫಿಕೇಟ್, ಆಧಾರ್, ಜನನ ಪ್ರಮಾಣಪತ್ರ, ಕಾಲೇಜಿನ ಅಂಕಪಟ್ಟಿ. ಇಷ್ಟನ್ನೂ ಸಾಲಾಗಿ ಇಟ್ಟು ಹೆಸರುಗಳನ್ನು ಒಂದೊಂದೇ ಅಕ್ಷರ ನೋಡುತ್ತಾ ಓದಿ. ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು ನಾರಾಯಣ. ಮಲಯಾಳದಿಂದ ಟೈಪ್ ಆದ ಇನ್ನೊಂದರಲ್ಲಿ ನಾರಾಯಣನ್. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಊರಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಆದರೆ ಪಾಸ್‌ಪೋರ್ಟ್‌ನ ಹೆಸರಿಗೂ ಸರ್ಟಿಫಿಕೇಟ್‌ನ ಹೆಸರಿಗೂ ತಾಳೆಯಾಗದಿದ್ದರೆ ಮುಂದಿನ ಕೆಲಸವೆಲ್ಲ ಅಲ್ಲೇ ನಿಂತುಬಿಡುತ್ತದೆ.

ಎಸೆಸೆಲ್ಸಿಯಲ್ಲಿ ಹೆಸರು ತಿದ್ದಬೇಕೆಂದರೆ ಕಲಿತ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ತಿರುವನಂತಪುರದ ಪರೀಕ್ಷಾ ಭವನಕ್ಕೆ ಅರ್ಜಿ ಹೋಗಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಆದ್ದರಿಂದ ಅಲ್ಲಿ ದೊಡ್ಡ ತಪ್ಪು ಇಲ್ಲದಿದ್ದರೆ ಅದನ್ನು ಮುಟ್ಟಬೇಡಿ. ಆಧಾರ್, ಪ್ಯಾನ್‌ಗಳನ್ನು ಅದಕ್ಕೆ ಹೊಂದಿಸಿ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸುವಾಗ ಮನೆ ಹೆಸರೋ ಅಪ್ಪನ ಹೆಸರೋ ಎಂದು ಈಗಲೇ ತೀರ್ಮಾನ ಮಾಡಿ, ಮುಂದೆ ಎಲ್ಲ ಕಡೆ ಅದನ್ನೇ ಬಳಸಿ. ಸುಮ್ನೆ 'ಗಣೇಶ' ಎಂದು ಒಂದೇ ಹೆಸರು ಹಾಕಿ ಬಿಡಬೇಡಿ. ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾ ಕೊಡುವುದನ್ನು ಯುಎಇ 2022ರ ನವೆಂಬರ್‌ನಲ್ಲಿ ಬಿಗಿ ಮಾಡಿದೆ. ಹತ್ತನೇ ಪಾಸಾಗಿದ್ದರೆ ಆ ಸರ್ಟಿಫಿಕೇಟ್ ತಪ್ಪದೆ ಕೊಡಿ. ಇಲ್ಲದಿದ್ದರೆ ಪಾಸ್‌ಪೋರ್ಟ್ 'ಇಸಿಆರ್' (ಎಮಿಗ್ರೇಷನ್ ತಪಾಸಣೆ ಬೇಕಾದದ್ದು) ಆಗಬಹುದು. ಹಾಗಾದರೆ ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಎಮಿಗ್ರೇಷನ್ ಅನುಮತಿ ಬೇರೆ ಪಡೆಯಬೇಕು. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ.

ಕೆಲಸ ಕಲಿತು ಹೋಗಿ

ಹೋಟೆಲ್ ಎಂದರೆ ನಾಲ್ಕು ವಿಭಾಗ: ಫ್ರಂಟ್ ಆಫೀಸ್, ಸರ್ವಿಸ್, ಅಡುಗೆಮನೆ, ಹೌಸ್‌ಕೀಪಿಂಗ್. ಉದುಮದಲ್ಲಿ ಕೇರಳ ಸರ್ಕಾರದ ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟ್ ಇದೆ. ಪದವಿಯೇ ಬೇಕೆಂದರೆ ಮಂಗಳೂರಿನ ಕಾಲೇಜುಗಳಿವೆ. ಯಾವುದೇ ಮಾಡಿ, ಕೋರ್ಸ್ ಮುಗಿದ ಮರುದಿನವೇ ಹೊರಡಬೇಡಿ. ಬೇಕಲದ ರೆಸಾರ್ಟ್‌ಗಳಲ್ಲೋ ಮಂಗಳೂರಿನ ದೊಡ್ಡ ಹೋಟೆಲಿನಲ್ಲೋ ಒಂದೆರಡು ವರ್ಷ ದುಡಿದು ಅನುಭವ ಪತ್ರ ಹಿಡಿದು ಹೋದವರಿಗೂ ಬರಿಗೈಲಿ ಹೋದವರಿಗೂ ಸಂಬಳದಲ್ಲಿ ವ್ಯತ್ಯಾಸ ಇರುತ್ತದೆ. ಬಯೋಡೇಟಾದಲ್ಲಿ ಭಾಷೆಗಳನ್ನು ಮರೆಯದೆ ಬರೆಯಿರಿ. ಕನ್ನಡ, ತುಳು, ಮಲಯಾಳ, ಹಿಂದಿ, ಇಂಗ್ಲಿಷ್ ಒಬ್ಬರೇ ಮಾತಾಡುವುದು ನಮಗೆ ದೊಡ್ಡ ವಿಷಯ ಅಲ್ಲ. ರಿಸೆಪ್ಷನ್‌ಗೆ ಜನ ಹುಡುಕುವವರಿಗೆ ದೊಡ್ಡ ವಿಷಯವೇ.

ಅಟೆಸ್ಟೇಷನ್ ಯಾವ ಕಡೆ?

ಅಟೆಸ್ಟೇಷನ್ ಎಂದರೆ ಸರ್ಟಿಫಿಕೇಟ್ ಅಸಲಿ ಎಂದು ಸರ್ಕಾರದವರು ಹಾಕುವ ಮುದ್ರೆ. ಇಲ್ಲಿ ನಮ್ಮವರು ಜಾಸ್ತಿ ಅಲೆದಾಡುತ್ತಾರೆ. ನಿಯಮ ಸರಳ: ಸರ್ಟಿಫಿಕೇಟ್ ಯಾವ ರಾಜ್ಯದ್ದೋ ಮೊದಲ ಮುದ್ರೆ ಆ ರಾಜ್ಯದ್ದು. ಎಸೆಸೆಲ್ಸಿ, ಪ್ಲಸ್ ಟು ಕೇರಳದ್ದಾದರೆ ನೋರ್ಕಾ ರೂಟ್ಸ್, ಅಂದರೆ ಹೊರನಾಡಿನ ಕೇರಳದವರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ. ಪದವಿ ಮಂಗಳೂರು ವಿಶ್ವವಿದ್ಯಾಲಯದ್ದಾದರೆ ಕರ್ನಾಟಕದ ಕಡೆ. ಆಮೇಲೆ ವಿದೇಶಾಂಗ ಸಚಿವಾಲಯ, ಕೊನೆಗೆ ಯುಎಇಯಂಥ ದೇಶವಾದರೆ ಅದರ ರಾಯಭಾರ ಕಚೇರಿ. ಒಮಾನ್, ಬಹ್ರೈನ್, ಸೌದಿಗೆ ರಾಜ್ಯದ ಮುದ್ರೆಯ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಎಂಬ ಮುದ್ರೆ ಬಿದ್ದರೆ ಸಾಕು, ರಾಯಭಾರ ಕಚೇರಿಗೆ ಹೋಗಬೇಕಿಲ್ಲ. ಯಾವ ಸರ್ಟಿಫಿಕೇಟ್ ಬೇಕೆಂದು ಹೋಟೆಲಿನವರನ್ನು ಕೇಳಿಯೇ ದುಡ್ಡು ಖರ್ಚು ಮಾಡಿ. ಎಲ್ಲ ಕೆಲಸಕ್ಕೂ ಇದು ಬೇಕಾಗುವುದಿಲ್ಲ.

ಏಜೆಂಟ್ ಮತ್ತು ಆಫರ್ ಲೆಟರ್

ದೊಡ್ಡ ಹೋಟೆಲ್‌ಗಳು ತಮ್ಮ ವೆಬ್‌ಸೈಟಿನಲ್ಲೇ ಅರ್ಜಿ ತೆಗೆದುಕೊಳ್ಳುತ್ತವೆ. ಏಜೆಂಟ್ ಮೂಲಕವೇ ಹೋಗುವುದಾದರೆ ಅವರ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹಾಕಿ ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. "ವೀಸಾಕ್ಕೆ ಒಂದೂವರೆ ಲಕ್ಷ" ಎಂದವರಿಗೆ ಕೈಮುಗಿದು ಬನ್ನಿ. ಯುಎಇ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚು ಕೆಲಸ ಕೊಡುವವರದ್ದು. ಕೇರಳ ಸರ್ಕಾರದ್ದೇ ಆದ ಒಡೆಪೆಕ್ ಕೂಡ ವಿದೇಶಕ್ಕೆ ಜನರನ್ನು ಕಳಿಸುತ್ತದೆ, ಅದರ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಆಫರ್ ಲೆಟರ್ ಬಂದರೆ ಎಲ್ಲರೂ ಒಟ್ಟು ಸಂಬಳ ನೋಡುತ್ತಾರೆ. ನೀವು ಬೇಸಿಕ್, ಅಂದರೆ ಭತ್ಯೆ ಬಿಟ್ಟ ಮೂಲ ಸಂಬಳ ನೋಡಿ. ಲೆಕ್ಕಕ್ಕೆ ಹೇಳುವುದಾದರೆ, ಎರಡು ಹೋಟೆಲ್‌ಗಳೂ 1,800 ದಿರ್ಹಂ ಕೊಡುತ್ತವೆ ಎನ್ನಿ. ಒಂದರಲ್ಲಿ ಬೇಸಿಕ್ 800, ಇನ್ನೊಂದರಲ್ಲಿ 1,200. ಯುಎಇಯಲ್ಲಿ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್‌ನಂತೆ ಗ್ರಾಚ್ಯುಟಿ ಬರುತ್ತದೆ. ಐದು ವರ್ಷ ಮುಗಿಸಿ ಹೊರಡುವಾಗ ಮೊದಲನೆಯವರಿಗೆ 2,800 ದಿರ್ಹಂ, ಎರಡನೆಯವರಿಗೆ 4,200. ಓವರ್‌ಟೈಮಿಗೂ ಬೇಸಿಕ್ಕೇ ಆಧಾರ. ಊಟ, ವಸತಿ, ಡ್ಯೂಟಿಗೆ ಹೋಗಿ ಬರುವ ಬಸ್ಸು, ರಜೆಯ ವಿಮಾನ ಟಿಕೆಟ್ ಯಾರದ್ದು ಎಂಬುದು ಕಾಗದದಲ್ಲೇ ಇರಬೇಕು. ಫೋನಿನಲ್ಲಿ "ಅದೆಲ್ಲ ಇದೆ" ಎಂದರೆ ಸಾಲದು. ಕೆಲಸದ ಹೆಸರನ್ನೂ ನೋಡಿ. ಅಡುಗೆಮನೆಯಲ್ಲಿ ಕಾಮಿ ಎಂದರೆ ಕಿರಿಯ ಅಡುಗೆಯವರು, ಕಾಮಿ-3 ಎಂದರೆ ಅದರಲ್ಲಿ ಕೆಳಗಿನ ಮೆಟ್ಟಿಲು. ಅನುಭವ ಇದ್ದರೆ ಕಾಮಿ-2 ಕೊಡುತ್ತೀರಾ ಎಂದು ಕೇಳಲು ನಾಚಿಕೆ ಬೇಡ.

ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕುವವರಿದ್ದಾರೆ. ಇಂಟರ್‌ವ್ಯೂಗೆ ಹೋಗಬಹುದು. ಆದರೆ "ಎರಡು ವಾರ ಕೆಲಸ ಮಾಡಿ ತೋರಿಸು" ಎಂದರೆ ಒಪ್ಪಬೇಡಿ. ಪರ್ಮಿಟ್ ಇಲ್ಲದೆ ದುಡಿಯುವುದು ಕಾನೂನಿಗೆ ವಿರುದ್ಧ, ಸಂಬಳ ಕೊಡದಿದ್ದರೆ ಕೇಳುವ ಬಾಯಿಯೂ ಇರುವುದಿಲ್ಲ.

ಹೊರಡುವಾಗ

ಕತಾರ್‌ಗೆ ಹೋಗುವವರ ಮೆಡಿಕಲ್, ಬೆರಳಚ್ಚು, ಒಪ್ಪಂದಕ್ಕೆ ಸಹಿ ಎಲ್ಲವೂ ಕೊಚ್ಚಿಯ ವೀಸಾ ಕೇಂದ್ರದಲ್ಲಿ ಆಗುತ್ತದೆ. ವಿಮಾನ ಮಂಗಳೂರಿನಿಂದಲೋ ಕಣ್ಣೂರಿನಿಂದಲೋ, ಟಿಕೆಟ್ ದರ ನೋಡಿ. ಕಾಗದಗಳ ಒಂದು ಪ್ರತಿ ಮನೆಯಲ್ಲಿರಲಿ, ಒಂದು ಫೋನಿನಲ್ಲಿ.

ಅಲ್ಲಿ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಬೇಕು. ಯುಎಇಯಲ್ಲಿ ಕಂಪನಿಯವರು ಅದನ್ನು ಇಟ್ಟುಕೊಳ್ಳುವಂತಿಲ್ಲ. ಆರು ತಿಂಗಳು ಕಳೆದ ಮೇಲೆ ನೋರ್ಕಾದ 'ಪ್ರವಾಸಿ' (ಹೊರದೇಶದಲ್ಲಿ ಇರುವವರ) ಗುರುತಿನ ಚೀಟಿಗೆ ಅರ್ಜಿ ಹಾಕಿ, ಅದರ ಜೊತೆ ಅಪಘಾತ ವಿಮೆಯೂ ಬರುತ್ತದೆ. ನಾವು ಕನ್ನಡದವರು, ಇದೆಲ್ಲ ನಮಗಲ್ಲ ಎಂದು ಬಿಡುವವರಿದ್ದಾರೆ. ಹಾಗೇನಿಲ್ಲ, ಕಾಸರಗೋಡಿನವರಿಗೂ ಇದು ಸಿಗುತ್ತದೆ. ವಿಚಾರಿಸಲು ನೋರ್ಕಾದ ಉಚಿತ ಸಂಖ್ಯೆ 1800 425 3939.